ಎಳೆಯರ ಮನವನರಿತ ಅನ್ನಾ ಫ್ರಾಯ್ಡ್

ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾ ನಗರದಲ್ಲಿ, ೧೯೨೦ರ ದಶಕದಲ್ಲಿ, ಹತ್ತು ವರ್ಷದ ಹುಡುಗನೊಬ್ಬನನ್ನು ಅವನ ಹೆತ್ತವರು ಮಹಿಳೆಯೊಬ್ಬರ ಬಳಿಗೆ ಚಿಕಿತ್ಸೆಗೆಂದು ಕಳುಹಿಸಿದರು. ಹುಡುಗನಿಗೆ ಜ್ವರವಿರಲಿಲ್ಲ, ಗಾಯವಿರಲಿಲ್ಲ. ಆದರೆ ಅವನು ಏನೇನಕ್ಕೋ ಹೆದರುತ್ತಿದ್ದನು, ಸುಳ್ಳು ಹೇಳುತ್ತಿದ್ದನು, ಮನೆಯಲ್ಲಿ ಸಣ್ಣಪುಟ್ಟ ಕಳವು ಮಾಡುತ್ತಿದ್ದನು. ಹೆತ್ತವರಿಗೂ ಅವನಿಗೂ ನಡುವಿನ ಸಂಬಂಧ ದಿನೇ ದಿನೇ ಕೆಡುತ್ತಿತ್ತು. ತನಗೆ ಚಿಕಿತ್ಸೆ ಬೇಕೆಂದು ಮಾತ್ರ ಅವನಿಗೆ ಎಂದೂ ಅನ್ನಿಸಿರಲಿಲ್ಲ. ಬಂದವನು ಒಮ್ಮೊಮ್ಮೆ ಗಂಟೆಯುದ್ದಕ್ಕೂ ಮೇಜಿನ ಕೆಳಗೇ ಕುಳಿತುಬಿಡುತ್ತಿದ್ದನು. ಆ ಮಹಿಳೆ ಅವನನ್ನು ಗದರಿಸಲಿಲ್ಲ. ಕೈಹಿಡಿದು ಹೊರಗೆ ಎಳೆಯಲೂ ಇಲ್ಲ. ಮೇಜಿನ ಮೇಲೆ ಹಾಸಿದ್ದ ಬಟ್ಟೆಯ ಅಂಚನ್ನು ಎತ್ತಿ, ಮನುಷ್ಯರು ಮಾತನಾಡುವ ರೀತಿಯೇ ಇದು ಎಂಬಂತೆ ಅವನೊಡನೆ ಮಾತಿಗೆ ತೊಡಗಿದರು. ಅವನು ದಾರವೊಂದನ್ನು ತಂದು ಬಗೆಬಗೆಯ ಗಂಟು ಹಾಕಿ ತೋರಿಸಿದರೆ, ಅದಕ್ಕಿಂತ ಜಟಿಲವಾದ ಗಂಟನ್ನು ತಾವು ಹಾಕಿ ತೋರಿಸಿದರು. ಅವನು ಮೋರೆ ಸೊಟ್ಟ ಮಾಡಿದರೆ ತಾವು ಇನ್ನೂ ಸೊಟ್ಟ ಮಾಡಿದರು. ಅವನು ನಗುತ್ತ ಬಂದ ದಿನ ನಕ್ಕರು. ಬಿಗಿದ ಮುಖದಿಂದ ಬಂದ ದಿನ ತಾವೂ ಗಂಭೀರವಾಗಿದ್ದರು. ಕಡಲ್ಗಳ್ಳರ ಕಥೆಯಿಂದ ಹಿಡಿದು ಅಂಚೆಚೀಟಿಗಳವರೆಗೆ ಅವನ ಮನಸ್ಸು ಎಲ್ಲಿಗೆ ಹರಿದರೆ ಅಲ್ಲಿಗೆ ಇವರೂ ಹಿಂಬಾಲಿಸಿದರು.

ಇದೆಂತಹ ಚಿಕಿತ್ಸೆ ಎಂದು ನೋಡಿದವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಚಿಕಿತ್ಸೆ ಇನ್ನೂ ಆರಂಭವೇ ಆಗಿರಲಿಲ್ಲ. ಬಾಗಿಲನ್ನು ಒಳಗಿನಿಂದ ಭದ್ರಪಡಿಸಿಕೊಂಡಿದ್ದ ಆ ಮಗು ತಾನಾಗಿಯೇ ಅಗುಳಿ ತೆಗೆಯಲೆಂದು ಆಕೆ ಹೊರಗೆ ಕಾದು ನಿಂತಿದ್ದರು. ಆಕೆಯ ಹೆಸರು ಅನ್ನಾ ಫ್ರಾಯ್ಡ್.

ಅನ್ನಾ ಹುಟ್ಟಿದ್ದು ೧೮೯೫ರ ಡಿಸೆಂಬರ್ ೩ರಂದು. ಮನೋವಿಶ್ಲೇಷಣೆಯ ಜನಕನೆಂದು ಲೋಕವಿಖ್ಯಾತನಾದ ಸಿಗ್ಮಂಡ್ ಫ್ರಾಯ್ಡ್ ಆಕೆಯ ತಂದೆ, ತಾಯಿ ಮಾರ್ತಾ. ಆರು ಮಂದಿ ಮಕ್ಕಳಲ್ಲಿ ಆಕೆಯೇ ಕೊನೆಯವಳು. ಎರಡೂವರೆ ವರ್ಷ ದೊಡ್ಡವಳಾದ ಅಕ್ಕ ಸೋಫಿ ಚೆಲುವೆಯೆಂದು ಹೆಸರಾಗಿದ್ದಳು. ಕೊನೆಯ ಕೂಸಾಗಿ, ಅಕ್ಕಂದಿರೂ ಅಣ್ಣಂದಿರೂ ತಮ್ಮ ತಮ್ಮ ಆಟಗಳಲ್ಲಿ ತನ್ನನ್ನು ಬಿಟ್ಟು ನಡೆಯುವುದನ್ನು ನೋಡುತ್ತ ಬೆಳೆದ ಅನ್ನಾಳಿಗೆ, ಹೊರಗುಳಿದ ಮಗುವಿನ ಸಂಕಟ ಪುಸ್ತಕದಿಂದ ಕಲಿಯಬೇಕಾದ ವಿಷಯವಾಗಿರಲಿಲ್ಲ.

ಆಕೆ ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ನಡೆದ ಒಂದು ಸಣ್ಣ ಸಂಗತಿ ಚರಿತ್ರೆಯಲ್ಲಿ ಉಳಿದುಬಂದಿದೆ. ಒಂದು ಬೆಳಿಗ್ಗೆ ಮಗು ವಾಂತಿ ಮಾಡಿಕೊಂಡದ್ದರಿಂದ ಅಂದು ಇಡೀ ದಿನ ಅದಕ್ಕೆ ಆಹಾರ ಕೊಡಲಿಲ್ಲ. ರಾತ್ರಿ ನಿದ್ದೆಯಲ್ಲಿ ಮಗು ತನ್ನ ಹೆಸರನ್ನು ಹೇಳಿಕೊಂಡು, ಸ್ಟ್ರಾಬೆರಿ ಹಣ್ಣು ಮೊದಲಾದ ತನಗೆ ಪ್ರಿಯವಾದ ತಿನಿಸುಗಳ ಹೆಸರುಗಳನ್ನು ಒಂದಾದ ಮೇಲೊಂದರಂತೆ ಕನವರಿಸಿತು. ಎಚ್ಚರದಲ್ಲಿ ದೊರೆಯದುದನ್ನು ಕನಸು ಕೊಡುತ್ತದೆ ಎಂಬ ತನ್ನ ವಾದಕ್ಕೆ ನಿದರ್ಶನವಾಗಿ ತಂದೆ ಇದನ್ನು ಕನಸುಗಳನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ಸೇರಿಸಿದನು. ಹೀಗೆ ಅನ್ನಾ ಓದುಬರಹ ಕಲಿಯುವುದಕ್ಕೆ ಮೊದಲೇ ಮನಶ್ಶಾಸ್ತ್ರದ ಪುಟವೊಂದನ್ನು ಸೇರಿದ್ದಳು.

೧೯೧೨ರಲ್ಲಿ ಶಾಲಾ ಶಿಕ್ಷಣ ಮುಗಿಯಿತು. ಅನ್ನಾ ವಿಶ್ವವಿದ್ಯಾಲಯವನ್ನು ಸೇರಲಿಲ್ಲ, ವೈದ್ಯಶಾಸ್ತ್ರವನ್ನು ಓದಲಿಲ್ಲ. ಶಿಕ್ಷಕಿಯಾಗಲು ತರಬೇತಿ ಪಡೆದು, ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ತಾನು ಓದಿದ ಶಾಲೆಯಲ್ಲಿಯೇ ಚಿಕ್ಕ ತರಗತಿಗಳಿಗೆ ಪಾಠ ಹೇಳಿದಳು. ಮುಂದೆ ಕ್ಷಯರೋಗ ತಗುಲಿ ಆರೋಗ್ಯ ಕುಗ್ಗಿತು. ೧೯೨೦ರಲ್ಲಿ ಶಾಲೆಯನ್ನು ಬಿಡಬೇಕಾಯಿತು. ಶಾಲೆಯನ್ನು ಬಿಟ್ಟರೂ ಆಕೆಯೊಳಗಿನ ಶಿಕ್ಷಕಿ ಕೊನೆಯವರೆಗೂ ಉಳಿದಿದ್ದಳು. ಪದವಿಗಳ ಸಾಲನ್ನು ಬೆನ್ನಿಗೆ ಕಟ್ಟಿಕೊಂಡ ಅನೇಕರಿಗೆ ಕಾಣದಿದ್ದುದು ಆಕೆಗೆ ಕಂಡಿತೆಂದರೆ, ತರಗತಿಯಲ್ಲಿ ಮಕ್ಕಳ ಕಣ್ಣುಗಳನ್ನು ದಿನವೂ ಎದುರಿಸಿದ ಅನುಭವವೇ ಅದಕ್ಕೆ ಕಾರಣವೆನ್ನಬೇಕು.

ತಂದೆಯ ಶಾಸ್ತ್ರದಲ್ಲಿ ಆಸಕ್ತಿ ಮೊದಲಿನಿಂದಲೂ ಇತ್ತು. ಆ ಕಾಲದ ಪದ್ಧತಿಯಂತೆ, ಮನೋವಿಶ್ಲೇಷಣೆಯನ್ನು ಮಾಡಬಯಸುವವರು ಮೊದಲು ತಾವೇ ವಿಶ್ಲೇಷಣೆಗೆ ಒಳಗಾಗಬೇಕಿತ್ತು. ಅನ್ನಾಳ ಮನಸ್ಸನ್ನು ವಿಶ್ಲೇಷಿಸಿದವನು ಆಕೆಯ ತಂದೆಯೇ. ಮಗಳ ಅಂತರಂಗವನ್ನು ತಂದೆಯೇ ಹೀಗೆ ಶೋಧಿಸುವುದು ಸರಿಯಲ್ಲವೆಂದು ಮುಂದಿನವರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪಣೆ ನ್ಯಾಯವಾದದ್ದೇ. ೧೯೨೨ರಲ್ಲಿ ಆಕೆ ವಿಯೆನ್ನಾ ಮನೋವಿಶ್ಲೇಷಣ ಸಂಘದ ಸದಸ್ಯೆಯಾದರು. ಮರುವರ್ಷ ತಂದೆಗೆ ದವಡೆಯ ಕ್ಯಾನ್ಸರ್ ಎಂದು ತಿಳಿಯಿತು. ಅಂದಿನಿಂದ ಹದಿನಾರು ವರ್ಷ, ಆತನ ಕೊನೆಯ ಉಸಿರಿನವರೆಗೆ, ಆತನ ಶುಶ್ರೂಷೆಯ ಭಾರ ಮುಖ್ಯವಾಗಿ ಈ ಕೊನೆಯ ಮಗಳ ಮೇಲೆ ಬಿತ್ತು. ಆಕೆ ಮದುವೆಯಾಗಲಿಲ್ಲ.

ಆಕೆಯ ಕಣ್ಣು ತೆರೆಸಿದ ಹಿರಿಯರಲ್ಲಿ ಆಗಸ್ಟ್ ಐಖ್‌ಹಾರ್ನ್ ಮುಖ್ಯರಾದವರು. ಅವರೂ ಮೊದಲು ಶಾಲಾ ಶಿಕ್ಷಕರು. ಯುದ್ಧಾನಂತರದ ಹಸಿವು ಬಡತನಗಳಲ್ಲಿ ದಾರಿ ತಪ್ಪಿದ ಹುಡುಗರಿಗಾಗಿ ಅವರು ಒಂದು ಆಶ್ರಯಧಾಮವನ್ನು ನಡೆಸುತ್ತಿದ್ದರು. ಇತರರು ಕೈಬಿಟ್ಟ, ಅತ್ಯಂತ ಪುಂಡರಾದ ಹುಡುಗರನ್ನು ಒಂದು ಗುಂಪು ಮಾಡಿ, ಅವರನ್ನು ಹೊಡೆಯದೆ ಬಡಿಯದೆ ತಾಳ್ಮೆಯಿಂದ ನಡೆಸಿಕೊಂಡರು. ಹುಡುಗರು ಕಿಟಕಿಯ ಗಾಜು ಒಡೆದರು, ಪೀಠೋಪಕರಣಗಳನ್ನು ಮುರಿದರು. ಎದುರಿನಿಂದ ಪೆಟ್ಟು ಬಾರದಿದ್ದಾಗ ಅವರ ರೋಷ ನಿಲ್ಲಲು ಆಸರೆಯಿಲ್ಲದೆ ಕುಸಿದು ಅಳುವಾಗಿ ಹರಿಯಿತು. ಈ ಐಖ್‌ಹಾರ್ನ್ ನಗರದ ಮೂಲೆ ಮೂಲೆಗಳಲ್ಲಿದ್ದ ಮಕ್ಕಳ ಸಂಸ್ಥೆಗಳಿಗೆ ಅನ್ನಾ ಅವರನ್ನು ಕರೆದೊಯ್ದು ತೋರಿಸಿದರು.

ವಯಸ್ಕರನ್ನು ಗುಣಪಡಿಸುವ ರೀತಿಯಲ್ಲಿ ಮಕ್ಕಳನ್ನು ಗುಣಪಡಿಸಲು ಏಕೆ ಆಗುವುದಿಲ್ಲ? ಈ ಪ್ರಶ್ನೆ ಅನ್ನಾ ಅವರನ್ನು ಕಾಡಿತು. ದೊಡ್ಡವನೊಬ್ಬ ಮನಸ್ಸಿನ ಬೇನೆಯಿಂದ ನರಳಿದರೆ, ತಾನು ನರಳುತ್ತಿದ್ದೇನೆಂದು ಅವನಿಗೆ ಗೊತ್ತಿರುತ್ತದೆ. ತಾನಾಗಿಯೇ ವೈದ್ಯನನ್ನು ಆರಿಸಿಕೊಳ್ಳುತ್ತಾನೆ. ಗುಣವಾಗಬೇಕೆಂದು ಸಂಕಲ್ಪಿಸುತ್ತಾನೆ. ಮಗುವಿಗೆ ಇವು ಒಂದೂ ಇಲ್ಲ. ಅದು ಬರುವುದಿಲ್ಲ, ಅದನ್ನು ಕರೆತರುತ್ತಾರೆ. ಅದರ ನಡತೆಯಿಂದ ನೊಂದವರು ಸಾಮಾನ್ಯವಾಗಿ ಮನೆಯವರೇ ಹೊರತು ಅದಲ್ಲ. ಎದುರಿಗೆ ಕುಳಿತಿರುವ ಅಪರಿಚಿತರು ತನ್ನ ಪಕ್ಷದವರೋ ಅಪ್ಪ ಅಮ್ಮಂದಿರ ಪಕ್ಷದವರೋ ಎಂಬುದು ಅದಕ್ಕೆ ತಿಳಿಯದು. ಇಂತಹ ಮಗುವನ್ನು ಮಂಚದ ಮೇಲೆ ಮಲಗಿಸಿ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳೆಂದರೆ ಅದು ಬಾಯಿ ಬಿಟ್ಟೀತೆ? ಆದ್ದರಿಂದ ಮೊದಲು ಮಗುವಿನ ವಿಶ್ವಾಸವನ್ನು ಗಳಿಸಬೇಕು. ತನಗೊಂದು ತೊಂದರೆಯಿದೆ, ಅದನ್ನು ನೀಗಿಸಲು ಈ ಮನುಷ್ಯರು ನೆರವಾಗಬಲ್ಲರು ಎಂದು ಮಗುವಿಗೆ ತನ್ನೊಳಗೇ ಅನ್ನಿಸಬೇಕು. ಇದಕ್ಕೆ ವಾರಗಳಾದರೂ ಸರಿ, ಕಾಯಬೇಕು. ೧೯೨೭ರಲ್ಲಿ ಪ್ರಕಟವಾದ ಅನ್ನಾ ಅವರ ಮೊದಲ ಪುಸ್ತಕದ ಸಾರಾಂಶಗಳಲ್ಲಿ ಇದೊಂದು.

ಮೇಜಿನ ಕೆಳಗಿನ ಹುಡುಗನ ಕಥೆ ಈ ಪುಸ್ತಕದಲ್ಲಿಯೇ ಬರುತ್ತದೆ. ಅವನ ಮನೋಧರ್ಮಕ್ಕೆ ಹೊಂದಿಕೊಂಡು ಸ್ನೇಹ ಬೆಳೆಸಿದ ಮೇಲೆ ಅನ್ನಾ ಅವನಿಗೆ ಉಪಯೋಗಕ್ಕೂ ಬಂದರು. ಅವನ ಪತ್ರಗಳನ್ನೂ ಅವನು ಕಟ್ಟಿದ ಕಥೆಗಳನ್ನೂ ಬೆರಳಚ್ಚು ಯಂತ್ರದಲ್ಲಿ ಅಚ್ಚುಹಾಕಿ ಕೊಟ್ಟರು. ಮನೆಯಲ್ಲಿ ಅವನಿಗೆ ಶಿಕ್ಷೆಯಾಗುವ ಸಂದರ್ಭ ಬಂದಾಗ ನಡುವೆ ನಿಂತರು. ಇವರು ತನ್ನ ಪಾಲಿಗೆ ಬೇಕಾದವರು ಎಂದು ಅವನಿಗೆ ಅನ್ನಿಸಿದ ಮೇಲೆಯೇ ಅವನ ಬಾಯಿಂದ ನಿಜವಾದ ಮಾತು ಹೊರಬಿತ್ತು. ಇನ್ನೊಬ್ಬಳು ಹುಡುಗಿ ಬರುತ್ತಿದ್ದ ಗಂಟೆಗಳಲ್ಲಿ ಆಕೆ ಕಡ್ಡಿ ದಾರ ಹಿಡಿದು ಹೆಣೆಯುತ್ತ ಕುಳಿತು, ಆ ಹುಡುಗಿಯ ಗೊಂಬೆಗಳಿಗೂ ಕರಡಿಬೊಂಬೆಗಳಿಗೂ ಒಂದೊಂದಾಗಿ ಅಂಗಿ ತೊಡಿಸಿದರು. ಹೆಣಿಗೆ ಅವರಿಗೆ ಪ್ರಿಯವಾದ ಕೆಲಸ. ಮುಂದೆ ವಿದ್ವಾಂಸರ ಗೋಷ್ಠಿಗಳಲ್ಲಿಯೂ ಅವರ ಕೈಯಲ್ಲಿ ಹೆಣಿಗೆ ಇರುತ್ತಿತ್ತು.

ಎಲ್ಲ ಮಕ್ಕಳಿಗೂ ಇಷ್ಟು ದೀರ್ಘವಾದ ಸಿದ್ಧತೆ ಬೇಕಾಗುತ್ತಿರಲಿಲ್ಲ. ಆರು ವರ್ಷದ ಹುಡುಗಿಯೊಬ್ಬಳು ತನ್ನೊಳಗೆ ಒಂದು ಪಿಶಾಚಿಯಿದೆಯೆಂದೂ ಅದನ್ನು ಹೊರಗೆ ತೆಗೆಯಲಾದೀತೇ ಎಂದೂ ತಾನಾಗಿಯೇ ಕೇಳಿದಳು. ತೆಗೆಯಬಹುದು, ಆದರೆ ಅದು ಸುಲಭದ ಕೆಲಸವಲ್ಲ, ಇಷ್ಟವಿಲ್ಲದ ಹಲವನ್ನು ನೀನು ಮಾಡಬೇಕಾಗುತ್ತದೆ ಎಂದು ಅನ್ನಾ ಮುಚ್ಚುಮರೆಯಿಲ್ಲದೆ ತಿಳಿಸಿದರು. ಮಗು ಸ್ವಲ್ಪ ಹೊತ್ತು ಯೋಚಿಸಿ, ಬೇರೆ ದಾರಿಯಿಲ್ಲದಿದ್ದರೆ ಹಾಗೆಯೇ ಆಗಲೆಂದು ಒಪ್ಪಿತು. ಆರು ವರ್ಷದ ಮಗುವಿನ ಒಪ್ಪಿಗೆಯನ್ನು ಕೇಳಬೇಕೆಂದು ಆ ಕಾಲದಲ್ಲಿ ಎಷ್ಟು ಮಂದಿಗೆ ಹೊಳೆದೀತು!

ಈ ವಿಚಾರವನ್ನು ಎಲ್ಲರೂ ಒಪ್ಪಲಿಲ್ಲ. ಮೆಲನಿ ಕ್ಲೈನ್ ಎಂಬ ಇನ್ನೊಬ್ಬ ಪ್ರತಿಭಾವಂತ ಮಹಿಳೆ ಮಕ್ಕಳ ಆಟವನ್ನೇ ಅವರ ಭಾಷೆಯೆಂದು ತಿಳಿದು, ಮೊದಲ ದಿನದಿಂದಲೇ ಆ ಆಟದ ಗೂಢಾರ್ಥವನ್ನು ಮಗುವಿಗೆ ಬಿಡಿಸಿ ಹೇಳಬಹುದೆಂದು ವಾದಿಸಿದರು. ಪ್ರತ್ಯೇಕವಾದ ಸಿದ್ಧತೆ ಅವರಿಗೆ ಅನವಶ್ಯಕವೆಂದು ತೋರಿತು. ಆಟಕ್ಕೆಲ್ಲ ಗೂಢಾರ್ಥವಿರಲೇಬೇಕೆಂದಿಲ್ಲ, ಮಗು ಆಟದ ಬಂಡಿಗಳನ್ನು ಡಿಕ್ಕಿ ಹೊಡೆಸಿದರೆ ನಿನ್ನೆ ಬೀದಿಯಲ್ಲಿ ಅಂತಹುದೊಂದನ್ನು ಕಂಡಿರಲೂಬಹುದು ಎಂಬುದು ಅನ್ನಾ ಅವರ ಉತ್ತರ. ಈ ವಿವಾದ ಎರಡು ದಶಕಗಳವರೆಗೆ ನಡೆಯಿತು. ಒಬ್ಬರು ಗೆದ್ದರು, ಒಬ್ಬರು ಸೋತರು ಎನ್ನುವಂತಿಲ್ಲ. ಇಂದು ಮಕ್ಕಳ ಮನಶ್ಚಿಕಿತ್ಸೆಯ ಕೋಣೆಯಲ್ಲಿ ಆಟದ ಸಾಮಾನುಗಳು ಇರುತ್ತವೆ. ಮಗುವಿನ ವಿಶ್ವಾಸಕ್ಕಾಗಿ ಕಾಯುವ ತಾಳ್ಮೆಯೂ ಇರುತ್ತದೆ. ಅನ್ನಾ ಅವರು ತಾವೇ ಮುಂದೆ ಆ ಸಿದ್ಧತೆಯ ಕಾಲವನ್ನು ಬಹಳ ಮೊಟಕು ಮಾಡಿದರು. ತಮ್ಮ ಮಾತಿಗೇ ಜೋತುಬೀಳುವ ಸ್ವಭಾವ ಅವರದಾಗಿರಲಿಲ್ಲ.

ಶಿಕ್ಷಕರನ್ನು ಅವರು ಎಂದೂ ಮರೆಯಲಿಲ್ಲ. ವಿಯೆನ್ನಾದ ಬಾಲಕೇಂದ್ರಗಳಲ್ಲಿ ಕೆಲಸ ಮಾಡುವ ಉಪಾಧ್ಯಾಯರಿಗಾಗಿ ನೀಡಿದ ನಾಲ್ಕು ಉಪನ್ಯಾಸಗಳು ೧೯೩೦ರಲ್ಲಿ ಪುಸ್ತಕವಾದವು. ಗೆಳತಿ ಡೊರತಿ ಬರ್ಲಿಂಗ್‌ಹ್ಯಾಮ್ ಮತ್ತು ಇವಾ ರೋಸೆನ್‌ಫೆಲ್ಡ್ ಅವರು ೧೯೨೭ರಲ್ಲಿ ಹೀಟ್‌ಸಿಂಗ್ ಎಂಬಲ್ಲಿ ಆರಂಭಿಸಿದ ಪುಟ್ಟ ಶಾಲೆಗೆ ಅನ್ನಾ ಅವರ ಮಾರ್ಗದರ್ಶನವಿತ್ತು. ಅಲ್ಲಿಗೆ ಉಪಾಧ್ಯಾಯನಾಗಿ ಬಂದ ಒಬ್ಬ ಅಲೆಮಾರಿ ಚಿತ್ರಕಾರ ಅನ್ನಾ ಅವರಲ್ಲಿ ಶಿಷ್ಯವೃತ್ತಿ ಮಾಡಿ ಮುಂದೆ ಎರಿಕ್ ಎರಿಕ್‌ಸನ್ ಎಂಬ ಹೆಸರಿನಿಂದ ಪ್ರಸಿದ್ಧ ಮನಶ್ಶಾಸ್ತ್ರಜ್ಞನಾದನು. ಈತನೇ ನಮ್ಮ ದೇಶಕ್ಕೂ ಬಂದು, ೧೯೧೮ರ ಅಹಮದಾಬಾದಿನ ಗಿರಣಿ ಕಾರ್ಮಿಕರ ಹೋರಾಟವನ್ನು ಆಧಾರವಾಗಿಟ್ಟುಕೊಂಡು ಮಹಾತ್ಮ ಗಾಂಧೀಜಿಯನ್ನು ಕುರಿತು ೧೯೬೯ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು.

೧೯೩೬ರಲ್ಲಿ, ತಂದೆಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ, ಅನ್ನಾ ತಮ್ಮ ಮುಖ್ಯ ಕೃತಿಯೊಂದನ್ನು ಕಾಣಿಕೆಯಾಗಿ ಕೊಟ್ಟರು. ಸಹಿಸಲಾಗದ ಭಯ, ನಾಚಿಕೆ, ದುಃಖಗಳಿಂದ ಮನಸ್ಸು ತನ್ನನ್ನು ತಾನು ಹೇಗೆ ರಕ್ಷಿಸಿಕೊಳ್ಳುತ್ತದೆ ಎಂಬುದು ಅದರ ವಸ್ತು. ಅದರಲ್ಲಿನ ಕೆಲವು ದೃಷ್ಟಾಂತಗಳು ಯಾವ ಊರಿನ ಶಾಲೆಯಲ್ಲಾದರೂ ಕಾಣಸಿಗುವಂತಹವು. ಗುರುಗಳು ಬೈದಾಗಲೆಲ್ಲ ಹುಡುಗನೊಬ್ಬ ಮುಖವನ್ನು ವಿಕಾರವಾಗಿ ತಿರುಚುತ್ತಿದ್ದನು. ತರಗತಿ ಗೊಳ್ಳೆಂದು ನಗುತ್ತಿತ್ತು. ಇದು ಉದ್ಧಟತನವೆಂದು ಗುರುಗಳು ದೂರಿದರು. ಐಖ್‌ಹಾರ್ನ್ ಇಬ್ಬರನ್ನೂ ಎದುರುಬದುರಾಗಿ ಕೂರಿಸಿಕೊಂಡು ನೋಡಿದಾಗ ಬೇರೆಯೇ ಸಂಗತಿ ಕಂಡಿತು. ಹುಡುಗನ ಮುಖದಲ್ಲಿ ಮೂಡುತ್ತಿದ್ದುದು ಗುರುಗಳ ಸಿಟ್ಟಿನ ಮುಖದ ಪ್ರತಿಬಿಂಬ. ಅವನು ಅಣಕಿಸುತ್ತಿರಲಿಲ್ಲ, ಭಯ ತಡೆಯಲಾರದೆ ತನಗರಿವಿಲ್ಲದಂತೆಯೇ ಭಯಪಡಿಸುವವರ ಮುಖವನ್ನು ತಾನು ತೊಟ್ಟುಕೊಳ್ಳುತ್ತಿದ್ದನು. ಮತ್ತೊಬ್ಬಳು ಪುಟ್ಟ ಹುಡುಗಿ ಕತ್ತಲೆಯ ನಡುಮನೆಯನ್ನು ದಾಟಲು ದೆವ್ವದ ಭಯದಿಂದ ಹಿಂಜರಿಯುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ವಿಚಿತ್ರವಾಗಿ ಕೈಕಾಲು ಆಡಿಸುತ್ತ ಓಡಿ ದಾಟಿಬಿಟ್ಟಳು. ಎದುರಾಗಬಹುದಾದ ದೆವ್ವ ತಾನೇ ಎಂದು ನಟಿಸಿದರೆ ಹೆದರಿಕೆಯೇ ಇರುವುದಿಲ್ಲ ಎಂಬ ಗುಟ್ಟನ್ನು ತಮ್ಮನಿಗೂ ಹೇಳಿಕೊಟ್ಟಳು.

ಇದೇ ಪುಸ್ತಕದಲ್ಲಿಯೂ ೧೯೫೮ರಲ್ಲಿ ಬರೆದ ಪ್ರಬಂಧದಲ್ಲಿಯೂ ಅನ್ನಾ ಹದಿಹರೆಯದವರನ್ನು ಕುರಿತು ಚಿಂತಿಸಿದ್ದಾರೆ. ಆ ವಯಸ್ಸಿನಲ್ಲಿ ಮನಸ್ಸು ಒಂದು ದಿನ ತ್ಯಾಗಿಯದು, ಮರುದಿನ ಸ್ವಾರ್ಥಿಯದು. ಒಂದು ಗಳಿಗೆ ಜನರ ನಡುವೆ ಬೆರೆಯುತ್ತದೆ, ಇನ್ನೊಂದು ಗಳಿಗೆ ಏಕಾಂತಕ್ಕೆ ಓಡುತ್ತದೆ. ತಾಯಿಯ ಮಾತಿಗೆ ಸಿಡುಕುತ್ತದೆ, ಮತ್ತೆ ಆಕೆಯೊಡನೆಯೇ ಹೇಳಿಕೊಳ್ಳಲು ಹಂಬಲಿಸುತ್ತದೆ. ಇದು ರೋಗವಲ್ಲ, ಬೆಳೆಯುವ ಬಗೆ ಎಂದರು ಅನ್ನಾ. ಏರಿಳಿತವೇ ಇಲ್ಲದೆ ಸದಾ ವಿಧೇಯವಾಗಿರುವ ಹದಿಹರೆಯವೇ ಅವರಿಗೆ ಚಿಂತೆಯ ವಿಷಯವಾಗಿತ್ತು. ಆ ವಯಸ್ಸಿನವರಿಗೆ ಚಿಕಿತ್ಸೆ ನೀಡುವುದು ಎಷ್ಟು ಕಷ್ಟವೆಂಬುದನ್ನು ಅವರು ಮರೆಮಾಚಲಿಲ್ಲ. ಪ್ರಿಯರನ್ನು ಕಳೆದುಕೊಂಡು ಶೋಕದಲ್ಲಿರುವವನಿಗೆ ಬೇರೆ ಮಾತು ಕಿವಿಗೆ ಬೀಳದಂತೆ, ಹದಿಹರೆಯದ ಮನಸ್ಸು ತನ್ನ ಬಾಲ್ಯದ ಬಂಧಗಳನ್ನು ಕಡಿದುಕೊಳ್ಳುವ ಕಾರ್ಯದಲ್ಲಿ ಮುಳುಗಿರುತ್ತದೆ. ಚಿಕಿತ್ಸಕನಿಗೆ ಕೊಡಲು ಅದರಲ್ಲಿ ಗಮನವೇ ಉಳಿದಿರುವುದಿಲ್ಲ. ಅನೇಕ ವೇಳೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟು, ಅವರನ್ನು ಸಹಿಸಿಕೊಳ್ಳಲು ತಂದೆತಾಯಿಗಳಿಗೇ ನೆರವು ನೀಡಬೇಕಾಗುತ್ತದೆ ಎಂದು ಅವರು ಕಂಡುಕೊಂಡರು.

೧೯೩೭ರಲ್ಲಿ ವಿಯೆನ್ನಾದ ಕಡುಬಡವರ ಕೂಸುಗಳಿಗಾಗಿ ಅನ್ನಾ ಮತ್ತು ಅವರ ಗೆಳತಿಯರು ಒಂದು ಶಿಶುಪಾಲನಾ ಗೃಹವನ್ನು ತೆರೆದರು. ಅದರ ಆಯುಷ್ಯ ಒಂದು ವರ್ಷ. ೧೯೩೮ರ ಮಾರ್ಚ್ ತಿಂಗಳಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾವನ್ನು ಆಕ್ರಮಿಸಿತು. ಫ್ರಾಯ್ಡ್ ಕುಟುಂಬದವರು ಯಹೂದಿಗಳು. ಮಾರ್ಚ್ ೨೨ರಂದು ನಾಜಿಗಳ ಗುಪ್ತ ಪೊಲೀಸರು ಅನ್ನಾ ಅವರನ್ನು ವಿಚಾರಣೆಗೆಂದು ಕರೆದೊಯ್ದರು. ಹಾಗೆ ಹೋದವರು ಹಿಂದಿರುಗುವ ಭರವಸೆಯಿರಲಿಲ್ಲ. ಎಂಬತ್ತೆರಡರ ಸಮೀಪದಲ್ಲಿದ್ದ ತಂದೆ ಮನೆಯಲ್ಲಿ ಚಡಪಡಿಸುತ್ತ ಅತ್ತಿಂದಿತ್ತ ನಡೆದಾಡಿದನು. ಸಂಜೆ ಮಗಳು ಮರಳಿ ಬಂದಳು. ಇನ್ನು ಆ ಊರಿನಲ್ಲಿ ಇರುವುದು ಸಲ್ಲದೆಂದು ತಂದೆ ಅಂದು ಮನಗಂಡನು. ಹಿತೈಷಿಗಳ ಪ್ರಯತ್ನದಿಂದ ಜೂನ್ ೪ರಂದು ಅವರು ವಿಯೆನ್ನಾವನ್ನು ಬಿಟ್ಟು ಲಂಡನ್ ಸೇರಿದರು. ಅಲ್ಲಿಯೇ ಉಳಿದ ತಂದೆಯ ನಾಲ್ವರು ವೃದ್ಧ ಸೋದರಿಯರು ಮುಂದೆ ನಾಜಿಗಳ ಯಾತನಾ ಶಿಬಿರಗಳಿಗೆ ಬಲಿಯಾದರು. ೧೯೩೯ರ ಸೆಪ್ಟೆಂಬರ್ ೨೩ರಂದು ಸಿಗ್ಮಂಡ್ ಫ್ರಾಯ್ಡ್ ತೀರಿಕೊಂಡನು. ಆ ವೇಳೆಗೆ ಎರಡನೆಯ ಮಹಾಯುದ್ಧ ಆರಂಭವಾಗಿತ್ತು.

ಲಂಡನ್ನಿನ ಮೇಲೆ ರಾತ್ರಿಯ ಹೊತ್ತು ಬಾಂಬುಗಳು ಬೀಳತೊಡಗಿದವು. ಮನೆಗಳು ನೆಲಸಮವಾದವು. ತಂದೆ ಯುದ್ಧಕ್ಕೆ ಹೋಗಿ, ತಾಯಿ ಕಾರ್ಖಾನೆಗೆ ಹೋಗಿ, ಮಕ್ಕಳು ಅತಂತ್ರರಾದರು. ಅನ್ನಾ ಫ್ರಾಯ್ಡ್ ಮತ್ತು ಡೊರತಿ ಬರ್ಲಿಂಗ್‌ಹ್ಯಾಮ್ ಹ್ಯಾಂಪ್‌ಸ್ಟೆಡ್ ಎಂಬ ಬಡಾವಣೆಯಲ್ಲಿ ಇಂತಹ ಮಕ್ಕಳಿಗಾಗಿ ಪಾಲನಾ ಗೃಹಗಳನ್ನು ತೆರೆದರು. ಎಸೆಕ್ಸ್ ಪ್ರಾಂತದ ಹಳ್ಳಿಗಾಡಿನಲ್ಲಿಯೂ ಒಂದು ಮನೆ ಸಿದ್ಧವಾಯಿತು. ಅಮೆರಿಕದ ಒಂದು ದತ್ತಿ ಸಂಸ್ಥೆ ಹಣ ಒದಗಿಸಿತು. ೧೯೪೫ರವರೆಗೆ ನೂರಕ್ಕೂ ಮೀರಿದ ಮಕ್ಕಳು ಅಲ್ಲಿ ಆಶ್ರಯ ಪಡೆದರು.

ಆ ಗೃಹಗಳಲ್ಲಿ ಕಂಡ ಒಂದು ಸತ್ಯ ಲೋಕವನ್ನು ಚಕಿತಗೊಳಿಸಿತು. ಪುಟ್ಟ ಮಕ್ಕಳನ್ನು ಬಾಂಬಿನ ಸದ್ದು ಅಷ್ಟಾಗಿ ಕಂಗೆಡಿಸುತ್ತಿರಲಿಲ್ಲ. ಪಕ್ಕದಲ್ಲಿ ಧೈರ್ಯದಿಂದಿರುವ ತಾಯಿಯೊಬ್ಬಳಿದ್ದರೆ ಅವು ನಿದ್ದೆಹೋಗುತ್ತಿದ್ದವು. ಮಕ್ಕಳನ್ನು ಕಂಗೆಡಿಸಿದ್ದು ತಾಯಿಯ ಅಗಲಿಕೆ. ಮೂರು ವರ್ಷ ದಾಟಿದ ಒಬ್ಬ ಹುಡುಗನನ್ನು ಬಿಟ್ಟುಹೋಗುವಾಗ, ಅಳದೆ ಜಾಣನಾಗಿದ್ದರೆ ಮಾತ್ರ ಅಮ್ಮ ನೋಡಲು ಬರುತ್ತಾಳೆ ಎಂದು ಅವನಿಗೆ ಹೇಳಲಾಗಿತ್ತು. ಮಾಸೂರಿನ ಬಸ್ ನಿಲ್ದಾಣದಲ್ಲಿ ಮಗುವನ್ನು ಅಜ್ಜಿಯ ಕೈಗೆ ಒಪ್ಪಿಸಿ ಬಸ್ಸು ಹತ್ತುವ ತಾಯಿಯೂ ಇದೇ ಮಾತನ್ನು ಹೇಳುತ್ತಾಳೆ. ಅದರಲ್ಲಿ ಕೆಡುಕೇನೂ ಅವಳಿಗೆ ತೋರುವುದಿಲ್ಲ. ಹುಡುಗ ಮಾತಿಗೆ ತಪ್ಪಲಿಲ್ಲ. ಅಳಲಿಲ್ಲ. ಅಳುವ ಬದಲು, ಯಾರು ತನ್ನತ್ತ ನೋಡಿದರೂ ತಲೆಯಾಡಿಸುತ್ತ, ಅಮ್ಮ ಬರುತ್ತಾಳೆ, ಮೇಲಂಗಿ ತೊಡಿಸುತ್ತಾಳೆ, ಮನೆಗೆ ಕರೆದುಕೊಂಡು ಹೋಗುತ್ತಾಳೆ ಎಂದು ಹೇಳತೊಡಗಿದನು. ಕೇಳಿದವರು ಹೌದೆಂದರೆ ಸಮಾಧಾನ. ಅಲ್ಲವೆಂದರೆ ಅಳು ಒಡೆದು ಬರುತ್ತಿತ್ತು. ದಿನಗಳು ಕಳೆದವು. ಅಂಗಿಯ ಗುಂಡಿ, ತಲೆಯ ಟೋಪಿ ಎಂದು ಪಟ್ಟಿ ಬೆಳೆಯಿತು. ಯಾರೋ ಒಬ್ಬರು ಅದನ್ನೇ ಎಷ್ಟು ಸಲ ಹೇಳುವೆ ಎಂದುದಕ್ಕೆ ಅವನು ಮಾತು ನಿಲ್ಲಿಸಿದನು; ತುಟಿಗಳು ಮಾತ್ರ ಆಡುತ್ತಿದ್ದವು. ಆಮೇಲೆ ಟೋಪಿ ಇಡುವಂತೆ, ಅಂಗಿ ತೊಡುವಂತೆ ಕೈಸನ್ನೆ. ಕೊನೆಗೆ ಅದೂ ಬೆರಳುಗಳ ಸಣ್ಣ ಅಲುಗಾಟವಾಗಿ ಉಳಿಯಿತು. ಉಳಿದ ಮಕ್ಕಳು ಆಡುತ್ತಿದ್ದರೆ ಅವನು ಒಂದು ಮೂಲೆಯಲ್ಲಿ ನಿಂತು ಬೆರಳು ಆಡಿಸುತ್ತಿದ್ದನು. ತಿಳಿಯದವರು ಕಂಡಿದ್ದರೆ ಅವನನ್ನು ಮಂದಬುದ್ಧಿಯವನೆನ್ನುತ್ತಿದ್ದರು.

ಕೆಲಕಾಲದ ಮೇಲೆ ಅವನ ತಾಯಿಗೆ ಆ ಗೃಹದಲ್ಲಿಯೇ ಇದ್ದು ಹೋಗಲು ಅವಕಾಶವಾಯಿತು. ಬೆರಳಿನ ಅಲುಗಾಟ ನಿಂತೇಹೋಯಿತು. ಅವಳು ಮಹಡಿ ಹತ್ತಿದರೆ ಹತ್ತುತ್ತ, ಇಳಿದರೆ ಇಳಿಯುತ್ತ, ಹುಡುಗ ಹಗಲೂ ರಾತ್ರಿಯೂ ಅವಳ ಸೆರಗಿನ ಅಂಚಿನಂತೆ ಹಿಂಬಾಲಿಸಿದನು. ಅಂದಿನಿಂದ ಅನ್ನಾ ಅವರ ಕೆಲಸಕ್ಕೆ ಒಂದು ನಿಯಮ ಖಚಿತವಾಯಿತು. ಮಗುವನ್ನು ಒಮ್ಮೆಲೇ ಬಿಟ್ಟುಹೋಗಬಾರದು, ಹಂತಹಂತವಾಗಿ ಅಗಲಿಸಬೇಕು. ತಾಯಿಗೆ ಯಾವ ವೇಳೆಯಲ್ಲಿಯೂ ಬಾಗಿಲು ತೆರೆದಿರಬೇಕು. ಅಳುವ ಮಗುವಿಗೆ ಅಳಲು ಬಿಡಬೇಕು. ನಾಲ್ಕೈದು ಮಕ್ಕಳಿಗೆ ಒಬ್ಬ ಪಾಲಕಿಯನ್ನು ತಾಯಿಯಂತೆ ಗೊತ್ತುಮಾಡಿದಾಗ ಮಕ್ಕಳಲ್ಲಿ ಅಸೂಯೆ, ರಂಪ, ಕಣ್ಣೀರು ಹೆಚ್ಚಿದವು. ಆದರೆ ಜೊತೆಜೊತೆಗೆ ಅವು ಬೇಗ ಬೇಗ ಮಾತು ಕಲಿತವು. ಪ್ರೀತಿಸಲು ಒಬ್ಬರು ದೊರೆತ ಮೇಲೆಯೇ ಮಗುವಿಗೆ ಜಗಳಕ್ಕೂ ಕಾರಣ ದೊರೆಯುತ್ತದೆ.

ಆ ಗೃಹದ ಇನ್ನೊಂದು ಪದ್ಧತಿ ಗಮನಾರ್ಹವಾದುದು. ಅಡುಗೆಯವರಿರಲಿ, ಜಾಡಮಾಲಿಗಳಿರಲಿ, ತಮ್ಮ ಕಣ್ಣಿಗೆ ಬಿದ್ದ ಮಕ್ಕಳ ನಡೆನುಡಿಗಳನ್ನು ಚೀಟಿಗಳಲ್ಲಿ ಬರೆದಿಡಬೇಕಿತ್ತು. ನೀರು ಕಾಯಿಸುವ ಒಲೆಗೆ ಇದ್ದಲು ಹಾಕುವ ಕೆಲಸಕ್ಕೆ ಸೇರಿದ್ದ ಜೇಮ್ಸ್ ರಾಬರ್ಟ್‌ಸನ್ ಹೀಗೆ ಬರೆಯುತ್ತ ಬರೆಯುತ್ತ ನೋಡುವುದನ್ನು ಕಲಿತನು. ಆಸ್ಪತ್ರೆಯಲ್ಲಿ ತಾಯಿಯಿಂದ ಅಗಲಿದ ಎರಡು ವರ್ಷದ ಮಗುವನ್ನು ಕುರಿತು ೧೯೫೨ರಲ್ಲಿ ಅವನು ತೆಗೆದ ಚಲನಚಿತ್ರ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಯಾದ ಮಗುವಿನ ಬಳಿ ತಾಯಿ ಇರಲು ಅವಕಾಶ ದ��ರೆಯುವುದಕ್ಕೆ ಒಂದು ಪ್ರೇರಣೆಯಾಯಿತು.

ಯುದ್ಧ ಮುಗಿದ ಮೇಲೆ ೧೯೪೫ರಲ್ಲಿ ನಾಜಿಗಳ ಟೆರೆಸಿನ್ ಶಿಬಿರದಿಂದ ಬಿಡುಗಡೆಯಾದ ಆರು ಮಂದಿ ತಬ್ಬಲಿ ಮಕ್ಕಳು ಇಂಗ್ಲೆಂಡಿಗೆ ಬಂದರು. ಮೂವರು ಹುಡುಗರು, ಮೂವರು ಹುಡುಗಿಯರು. ವಯಸ್ಸು ಮೂರರಿಂದ ನಾಲ್ಕು ವರ್ಷದೊಳಗೆ. ಹೆತ್ತವರ ಮುಖ ಅವರಿಗೆ ನೆನಪಿರಲಿಲ್ಲ. ಸಸೆಕ್ಸ್ ಪ್ರಾಂತದ ಒಂದು ಮನೆಯಲ್ಲಿ ಸೋಫಿ ಮತ್ತು ಗೆರ್‌ಟ್ರೂಡ್ ಡಾನ್ ಎಂಬ ಸೋದರಿಯರು ಅನ್ನಾ ಅವರ ಸಲಹೆಯಂತೆ ಅವರನ್ನು ನೋಡಿಕೊಂಡರು. ಬಂದ ಕೆಲವೇ ದಿನಗಳಲ್ಲಿ ಮಕ್ಕಳು ಆಟದ ಸಾಮಾನುಗಳನ್ನೆಲ್ಲ ಮುರಿದುಹಾಕಿದವು. ದೊಡ್ಡವರು ಸಮೀಪಿಸಿದರೆ ಕಚ್ಚಿದವು, ಉಗುಳಿದವು. ಆದರೆ ತಮ್ಮತಮ್ಮೊಳಗೆ ಅವುಗಳ ನಡತೆಯೇ ಬೇರೆ. ಆರರಲ್ಲಿ ಒಂದು ಮಗುವನ್ನು ಕ್ಷಣಕಾಲ ಬೇರೆಡೆಗೆ ಒಯ್ದರೂ ಉಳಿದವು ತಡೆಯುತ್ತಿರಲಿಲ್ಲ. ಊಟಕ್ಕೆ ಕುಳಿತರೆ ಪಕ್ಕದವನಿಗೆ ಬಂತೇ ಎಂದು ನೋಡಿದ ಮೇಲೆಯೇ ತನ್ನ ತುತ್ತು. ಒಮ್ಮೆ ಕೇಕು ಮುಗಿದುಹೋಗಿ ಒಬ್ಬ ಹುಡುಗ ಅತ್ತಾಗ, ಇಬ್ಬರು ಹುಡುಗಿಯರು ತಮ್ಮ ಪಾಲಿನಲ್ಲಿ ಉಳಿದುದನ್ನು ಅವನಿಗೆ ಕೊಟ್ಟು, ಅವನು ತಿನ್ನುವಷ್ಟು ಹೊತ್ತು ಮೈದಡವಿದರು. ತಾಯಿಯನ್ನೇ ಕಾಣದ ಈ ಕೂಸುಗಳು ಒಂದಕ್ಕೊಂದು ತಾಯಾಗಿದ್ದವು. ಆ ಸೋದರಿಯರು ಆ ಗುಂಪನ್ನು ಒಡೆಯಲು ಹೋಗಲಿಲ್ಲ. ಗುಂಪೇ ನಿಧಾನವಾಗಿ ಅರಳಿ ಅವರನ್ನೂ ಒಳಕ್ಕೆ ಸೇರಿಸಿಕೊಂಡಿತು. ತಮ್ಮಲ್ಲಿ ಒಬ್ಬರಿಗೆ ತೋರುತ್ತಿದ್ದ ಕಾಳಜಿಯನ್ನು ಮಕ್ಕಳು ದೊಡ್ಡವರಿಗೂ ತೋರತೊಡಗಿದರು. ವರ್ಷ ಮುಗಿಯುವುದರೊಳಗೆ ಅವರು ಹೊಸ ಭಾಷೆಯೊಂದನ್ನೂ ಕಲಿತಿದ್ದರು. ಅನ್ನಾ ಈ ಸಂಗತಿಯನ್ನು ಸೋಫಿ ಡಾನ್ ಅವರೊಡನೆ ೧೯೫೧ರಲ್ಲಿ ಪ್ರಕಟಿಸಿದರು.

ಯುದ್ಧಕಾಲದ ಗೃಹಗಳಲ್ಲಿ ದುಡಿದವರಲ್ಲಿ ಅನೇಕರು ನಿರಾಶ್ರಿತ ತರುಣಿಯರು. ಅವರಿಗೆ ಕ್ರಮವಾದ ಶಿಕ್ಷಣ ಕೊಡಬೇಕೆಂಬ ಆಲೋಚನೆಯಿಂದ ೧೯೪೭ರಲ್ಲಿ ಮಕ್ಕಳ ಚಿಕಿತ್ಸಕರ ತರಬೇತಿ ತರಗತಿ ಆರಂಭವಾಯಿತು. ೧೯೫೨ರಲ್ಲಿ ಅದಕ್ಕೆ ಹೊಂದಿಕೊಂಡು ಚಿಕಿತ್ಸಾಲಯವೂ ತೆರೆಯಿತು. ರೋಗಿಗಳಷ್ಟೇ ಅಲ್ಲದೆ ಆರೋಗ್ಯವಂತ ಕೂಸುಗಳೂ, ಅಂಧ ಮಕ್ಕಳೂ ಅಲ್ಲಿಗೆ ಬರುತ್ತಿದ್ದರು. ಮಗು ಹೇಗೆ ಬೆಳೆಯುತ್ತದೆಂದು ತಿಳಿಯದವರಿಗೆ ಎಲ್ಲಿ ಎಡವಿತೆಂದು ತಿಳಿಯುವ ಬಗೆಯೆಂತು? ಇನ್ನೊಂದು ವಿಷಯದಲ್ಲಿ ಆಕೆ ನ್ಯಾಯಾಲಯಗಳ ಕದವನ್ನೂ ತಟ್ಟಿದರು. ಮಗು ಯಾರ ವಶದಲ್ಲಿರಬೇಕೆಂಬ ವ್ಯಾಜ್ಯದಲ್ಲಿ ದೊಡ್ಡವರ ಹಕ್ಕಿಗಿಂತ ಮಗುವಿನ ಹಿತವೇ ಮೊದಲು. ದಿನವೂ ಉಣಿಸಿ ಸಂತೈಸುವವರೇ ಮಗುವಿನ ಪಾಲಿಗೆ ನಿಜವಾದ ತಂದೆತಾಯಿಗಳು ಎಂದು ಇಬ್ಬರು ಅಮೆರಿಕನ್ ವಿದ್ವಾಂಸರೊಡನೆ ೧೯೭೩ರಲ್ಲಿ ಬರೆದ ಪುಸ್ತಕದಲ್ಲಿ ವಾದಿಸಿದರು.

ಮನೋವಿಶ್ಲೇಷಣೆಯ ಹಲವು ಸಿದ್ಧಾಂತಗಳು ಇಂದು ಪ್ರಶ್ನೆಗೊಳಗಾಗಿವೆ. ಹೊಸ ಚಿಕಿತ್ಸಾ ಕ್ರಮಗಳು ಬಂದಿವೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಮಕ್ಕಳು ಮತ್ತು ಹದಿಹರೆಯದವರ ಮನೋವೈದ್ಯಕ್ಕೆ ಪ್ರತ್ಯೇಕ ವಿಭಾಗವಿದೆ. ಯಾವ ಕ್ರಮವನ್ನು ಅನುಸರಿಸಿದರೂ, ಮಾತನಾಡಲು ಒಲ್ಲದ ಹುಡುಗನೋ ಹುಡುಗಿಯೋ ಎದುರಿಗೆ ಕುಳಿತ ಮೊದಲ ಗಂಟೆಯಲ್ಲಿ ಚಿಕಿತ್ಸಕರು ಎದುರಿಸುವ ಕಷ್ಟ ಮಾತ್ರ ಅನ್ನಾ ಅವರು ಎದುರಿಸಿದ ಕಷ್ಟವೇ.

ಗೌರವಗಳು ತಡವಾಗಿ ಬಂದವು. ೧೯೬೭ರಲ್ಲಿ ಬ್ರಿಟಿಷ್ ಸರ್ಕಾರದ ಪ್ರಶಸ್ತಿ ದೊರೆಯಿತು. ೧೯೭೧ರಲ್ಲಿ, ಮೂವತ್ತಮೂರು ವರ್ಷಗಳ ಅನಂತರ, ಆಕೆ ಸಮ್ಮೇಳನವೊಂದಕ್ಕಾಗಿ ವಿಯೆನ್ನಾಕ್ಕೆ ಕಾಲಿಟ್ಟರು. ವಿಶ್ವವಿದ್ಯಾಲಯವನ್ನೇ ಸೇರದಿದ್ದ ಆಕೆಗೆ ಮರುವರ್ಷ ವಿಯೆನ್ನಾ ವಿಶ್ವವಿದ್ಯಾಲಯ ಗೌರವ ವೈದ್ಯ ಪದವಿಯನ್ನು ನೀಡಿತು. ಲಂಡನ್ನಿನ ಮ್ಯಾರೆಸ್‌ಫೀಲ್ಡ್ ಗಾರ್ಡನ್ಸ್‌ನ ಮನೆಯಲ್ಲಿ ತಂದೆಯ ಕೋಣೆಯನ್ನು ಅವನಿದ್ದಾಗ ಇದ್ದಂತೆಯೇ ಕಾಪಾಡಿಕೊಂಡು ಬಂದರು. ಕಲಕತ್ತೆಯ ಗಿರೀಂದ್ರಶೇಖರ ಬೋಸರು ಸ್ಥಾಪಿಸಿದ ಭಾರತೀಯ ಮನೋವಿಶ್ಲೇಷಣ ಸಂಘದವರು ೧೯೩೧ರಲ್ಲಿ ಕಳುಹಿಸಿದ್ದ ದಂತದ ವಿಷ್ಣುವಿನ ಮೂರ್ತಿಯೂ ಆ ಸಂಗ್ರಹದಲ್ಲಿತ್ತು. ೧೯೮೬ರಲ್ಲಿ ಆ ಮನೆ ವಸ್ತುಸಂಗ್ರಹಾಲಯವಾಯಿತು.

೧೯೮೨ರ ಮಾರ್ಚ್‌ನಲ್ಲಿ ಪಾರ್ಶ್ವವಾಯುವಿನ ಆಘಾತವಾಗಿ ಆಕೆಯ ಮಾತು ತೊದಲಿತು. ಕೈ ಹೆಣಿಗೆಗೆ ಒಗ್ಗದಾಯಿತು. ಗಾಲಿಕುರ್ಚಿಯಲ್ಲಿ ಕುಳ್ಳಿರಿಸಿ ಉದ್ಯಾನಕ್ಕೆ ಕರೆದೊಯ್ಯುವಾಗ ಚಳಿಗೆಂದು ತಂದೆಯ ಹಳೆಯ ಉಣ್ಣೆಯ ಮೇಲಂಗಿಯನ್ನು ತರಿಸಿಕೊಳ್ಳುತ್ತಿದ್ದರು. ತಂದೆ ತೀರಿಕೊಂಡು ನಲವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದರೂ ಆಕೆ ಅದನ್ನು ಜೋಪಾನವಾಗಿ ಇಟ್ಟಿದ್ದರು. ಬಹುವಾಗಿ ಕೃಶವಾಗಿದ್ದ ಆಕೆ ಆ ದೊಡ್ಡ ಅಂಗಿಯನ್ನು ಸುತ್ತಿಕೊಂಡು ಮರಗಳ ಕೆಳಗೆ ಕುಳಿತಿರುತ್ತಿದ್ದರು. ಅದೇ ವರ್ಷ ಅಕ್ಟೋಬರ್ ೯ರಂದು, ತಮ್ಮ ೮೬ನೆಯ ವಯಸ್ಸಿನಲ್ಲಿ, ಅನ್ನಾ ಫ್ರಾಯ್ಡ್ ತೀರಿಕೊಂಡರು.